ಅದು ಗೊರಕೆಯಲ್ಲ

ಟಿಕೋಟಾ
2 ಫೆಬ್ರುವರಿ 2025

ಸಂಗು,

ನಿನ್ನನ್ನು ಧಾರವಾಡದ ಆ ಚಟ ಬಿಡಿಸುವ ಕೇಂದ್ರದಲ್ಲಿ ಬಿಟ್ಟು ಬಂದ ಮೇಲೆ ಮೊದಲ ಸಲ ಬರೆಯಲು ಕೂತಿದ್ದೇನೆ. ಆರು ತಿಂಗಳು ಫೋನ್ ಇಲ್ಲ, ಬೇಕಾದರೆ ಪತ್ರ ಬರೆಯಿರಿ ಎಂದು ಅಲ್ಲಿನ ಮಿನಾಜ ಡಾಕ್ಟರ್ ಹೇಳಿದಾಗ ನನಗೆ ನಗು ಬಂದಿತ್ತು. ಬಬಲೇಶ್ವರದ ಶಾಲೆಯಲ್ಲಿ ಮಕ್ಕಳಿಂದ ‘ತಮ್ಮನಿಗೊಂದು ಪತ್ರ’ ಬರೆಸಿ ಅಂಕ ಕೊಡುವವಳು ನಾನು. ನಾನೇ ಒಂದೂ ಬರೆದವಳಲ್ಲ.

ಅವ್ವ ಚೆನ್ನಾಗಿದ್ದಾಳೆ. ಓಣಿಯಲ್ಲಿ ಕೇಳಿದವರಿಗೆಲ್ಲ ನಿನಗೆ ಧಾರವಾಡದಲ್ಲಿ ಸೈಕಲ್ ಕೋಚ್ ಕೆಲಸ ಸಿಕ್ಕಿದೆ ಎಂದು ಹೇಳುತ್ತಾಳೆ. ಪಕ್ಕದ ಮನೆಯ ಮಾಶಾಬಿ ಚಾಚಿ ಮಾತ್ರ ಅದನ್ನು ಕೇಳಿ ಸುಮ್ಮನೆ ತಲೆಯಾಡಿಸಿದಳು. ನೀನು ಅವರ ಕಟ್ಟೆಯ ಮೇಲೆ ಎಷ್ಟು ಸಲ ತೂಕಡಿಸಿ ಬಿದ್ದಿದ್ದೆಯೋ, ಅವಳಿಗೆ ಗೊತ್ತಿಲ್ಲದೆ ಇರುತ್ತದೆಯೇ?

ಅಪ್ಪ ನಿನ್ನ ಕಪಾಟನ್ನೆಲ್ಲ ಖಾಲಿ ಮಾಡಿದ. ಗುಳಿಗೆಯ ಪಟ್ಟಿಗಳನ್ನು ಒಂದು ಚೀಲಕ್ಕೆ ತುಂಬಿ, ಊರ ಹೊರಗೆ ಸುಟ್ಟು ಬರುತ್ತೇನೆಂದು ಹೋದ. ಹೋಗುವ ಮುಂಚೆ ಅಂಗಳದಲ್ಲಿ ನಿಂತು, “ಹುಟ್ಟಿದಾಗಿಂದ ಒಂದು ಬೀಡಿ ಸೇದಿಲ್ಲ, ಒಂದು ಹನಿ ಕುಡದಿಲ್ಲ. ನಾ ಬಸ್ ಹೊಡಿಯೂ ಮುಂದ ಮಂದಿ ನನ್ನ ನಂಬಿ ನಿದ್ದಿ ಮಾಡತಿದ್ರು. ಅಂಥವನ ಹೊಟ್ಟ್ಯಾಗ ಇವ ಹೆಂಗ ಹುಟ್ಟಿದಾ?” ಅಂದ. ಅವ್ವ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು.

ಅಂದಿನಿಂದ ಅಪ್ಪನಿಗೆ ಊಟ ಸೇರುತ್ತಿಲ್ಲ. ನಿನ್ನ ಹೆಸರು ತೆಗೆದರೆ ಎದ್ದು ಹೊರಗೆ ಹೋಗುತ್ತಾನೆ. ಮಲಗಿದರೆ ಮಗ್ಗುಲು ಬದಲಿಸುವುದೇ ಕೆಲಸ. ಇಷ್ಟು ಚಳಿಯಲ್ಲೂ ಅಂಗಿ ಬೆವರಿನಲ್ಲಿ ತೊಯ್ದಿರುತ್ತದೆ. ನಿನ್ನ ಮೇಲಿನ ಸಿಟ್ಟು ಅವನ ಮೈಗೇ ಹತ್ತಿದೆ ಸಂಗು. ಬೇಗ ಗುಣವಾಗು. ನಮಗಾಗಿ ಅಲ್ಲದಿದ್ದರೂ ಅವನಿಗಾಗಿ.

ಕಾವ್ಯಾ


ಧಾರವಾಡ
14 ಫೆಬ್ರುವರಿ 2025

ಅಕ್ಕಾ,

ಚೆನ್ನಾಗಿದ್ದೇನೆ. ಕೋಚ್ ಸಾಹೇಬರು ಇಲ್ಲಿ ಬೆಳಿಗ್ಗೆ ಕಸ ಗುಡಿಸುತ್ತಾರೆ, ಮಧ್ಯಾಹ್ನ ಬೇಳೆ ಆರಿಸುತ್ತಾರೆ ಎಂದು ಅವ್ವನಿಗೆ ಹೇಳು. ಬೇಡ, ಹೇಳಬೇಡ.

ಮೊದಲ ವಾರದ ಬಗ್ಗೆ ಬರೆಯಲಾರೆ. ಭೂತನಾಳ ಕೆರೆಯ ಇಳಿಜಾರಿನಲ್ಲಿ ಸೈಕಲ್ಲಿನಿಂದ ಬಿದ್ದು ಭುಜದ ಎಲುಬು ಮುರಿದಾಗಲೂ ಅಷ್ಟು ಒದ್ದಾಟ ಆಗಿರಲಿಲ್ಲ ಅಂದರೆ ಸಾಕು. ಆ ಎಲುಬಿನ ನೋವಿಗೆಂದು ಶುರುವಾದ ಗುಳಿಗೆ, ಎಲುಬು ಕೂಡಿದ ಮೇಲೂ ನನ್ನನ್ನು ಬಿಡಲಿಲ್ಲವಲ್ಲ.

ಅಪ್ಪನ ಸುದ್ದಿ ಎರಡು ಸಲ ಓದಿದೆ. ಅವನು ನನಗೆ ಬರೆಯಲಿ ಎಂದು ಕೇಳುವುದಿಲ್ಲ. ಊಟ ಮಾಡು ಎಂದು ಮಾತ್ರ ಹೇಳು.

ಇನ್ನೊಂದು ಕೆಲಸ. ನನ್ನ ಪಕ್ಕದ ಹಾಸಿಗೆಯ ಗೌತಮ ಇವತ್ತು ಮನೆಗೆ ಹೊರಟ. ನಿಮ್ಮ ಬಬಲೇಶ್ವರದವನೇ, ನನಗಿಂತ ಮುಂಚೆ ಬಂದವನು. ಆ ಮೊದಲ ವಾರದಲ್ಲಿ ನನ್ನ ವಾಂತಿ ಬಳಿದವನು ಅವನೇ. ಒಮ್ಮೆ ಅವನ ಮನೆಗೆ ಹೋಗಿ ‘ಹೆಂಗಿದ್ದಿ’ ಎಂದು ಕೇಳು. ಬೇರೇನೂ ಬೇಡ. ಕೇಳುವವರೊಬ್ಬರು ಇದ್ದಾರೆ ಎಂದು ಅವನಿಗೆ ಗೊತ್ತಾದರೆ ಸಾಕು.

ಸಂಗು


ಟಿಕೋಟಾ
9 ಮಾರ್ಚ್ 2025

ಸಂಗು,

ತಡವಾಯಿತು. ಪರೀಕ್ಷೆಯ ಗಡಿಬಿಡಿ. ಊರ ಸುತ್ತಲೂ ಈಗ ದ್ರಾಕ್ಷಿ ಒಣಗಿಸುವ ಕೆಲಸ. ಬಸ್ಸಿನ ಕಿಟಕಿಯಲ್ಲಿ ಶೆಡ್ಡುಗಳ ಆ ಹುಳಿ-ಸಿಹಿ ವಾಸನೆ.

ಸಂತೋಷದ ಸುದ್ದಿ ಎಂದರೆ ಅಪ್ಪ ಸುಧಾರಿಸಿದ್ದಾನೆ. ಶಿವರಾತ್ರಿ ಆದ ಮೇಲೆ ಒಂದು ದಿನ ಬೆಳಿಗ್ಗೆ ವಿಜಯಪುರಕ್ಕೆ ಹೋಗಿ ಬಂದ. ಬಂದವನೇ ಗಡ್ಡ ಬೋಳಿಸಿಕೊಂಡು ಎರಡು ರೊಟ್ಟಿ ಹೆಚ್ಚು ಉಂಡ. ಮೊನ್ನೆ ಅವ್ವನ ಜೊತೆ ನಗಾಡುತ್ತಿದ್ದ. “ಹೋದ ಮಗಾ ಹೋದ, ಬರೂ ಮುಂದ ಬರತಾನ” ಅಂದ. ನಿನ್ನ ಹೆಸರು ಹೇಳಲಿಲ್ಲ, ಆದರೂ ಮಗ ಎಂದನಲ್ಲ.

ಗೌತಮನೂ ಚೆನ್ನಾಗಿದ್ದಾನೆ. ಅಣ್ಣನ ಜೊತೆ ಶೆಡ್ಡಿನ ಕೆಲಸಕ್ಕೆ ಹೋಗುತ್ತಿದ್ದಾನಂತೆ. ಅವನ ಚಿಂತೆ ಬಿಟ್ಟು ನಿನ್ನದನ್ನು ನೋಡಿಕೊ.

ಕಾವ್ಯಾ


ಧಾರವಾಡ
17 ಮಾರ್ಚ್ 2025

ಅಕ್ಕಾ,

ನೀನು ಬರೆದ ದಿನ ಗೌತಮ ಬದುಕಿರಲಿಲ್ಲ.

ನಿನ್ನ ಪತ್ರ ಹಿಡಿದು ಮಿನಾಜ ಮೇಡಮ್ ಹತ್ತಿರ ಓಡಿದ್ದೆ, ನೋಡ್ರಿ ಅವ ಚಲೋ ಅದಾನಂತ ಎಂದು ತೋರಿಸಲು. ಅವರು ಪತ್ರ ಓದಿ, ಮಡಚಿ ನನ್ನ ಕೈಗೆ ಕೊಟ್ಟರು. ಆಮೇಲೆ ನನ್ನನ್ನು ಕೂರಿಸಿ ಹೇಳಿದರು. ಮನೆಗೆ ಹೋದ ಎರಡನೇ ವಾರದಲ್ಲೇ ಸತ್ತಿದ್ದಾನೆ. ಮನೆಯವರು ಹಾರ್ಟ್ ಅಂದಿದ್ದಾರೆ. ಅವನ ಅಣ್ಣ ಮಾತ್ರ ಮೇಡಮ್‌ಗೆ ಫೋನ್ ಮಾಡಿ ಅತ್ತನಂತೆ: “ಗೊರಕೀ ಹೊಡಿಯಾಕತ್ತಿದ್ದ ಮೇಡಮ್ಮಾರ. ಮಲಗಲಿ ಅಂತ ನಾವ ಬಿಟ್ಟಿವ್ರಿ.”

ಬಬಲೇಶ್ವರ ಎಷ್ಟು ದೊಡ್ಡ ಊರು? ನಿನಗೆ ಗೊತ್ತಿತ್ತು. ಗೊತ್ತಿದ್ದೂ ಶೆಡ್ಡು, ಅಣ್ಣ, ಕೆಲಸ ಎಂದೆಲ್ಲ ಕಟ್ಟಿ ಬರೆದೆ. ನನಗೆ ಏನಾದರೂ ಆದೀತೆಂದು ಹೆದರಿದೆ, ಅಲ್ಲವೇ? ಹೀಗೆ ನನ್ನನ್ನು ಕಾಪಾಡಬೇಡ.

ಇಲ್ಲಿ ಎಲ್ಲರನ್ನೂ ಕೂರಿಸಿ ಮೇಡಮ್ ಹೇಳಿದ್ದನ್ನು ಬರೆಯುತ್ತೇನೆ, ಎರಡು ಸಲ ಓದು. ಕೆಲವು ವಾರ ಗುಳಿಗೆ ಬಿಟ್ಟರೆ ಮೈ ಅದನ್ನು ತಾಳಿಕೊಳ್ಳುವ ಶಕ್ತಿ ಕಳೆದುಕೊಳ್ಳುತ್ತದೆ. ಮನಸ್ಸು ಮಾತ್ರ ಹಳೆಯ ಲೆಕ್ಕವನ್ನೇ ನೆನಪಿಟ್ಟುಕೊಂಡಿರುತ್ತದೆ. ಬಿಟ್ಟವನು ಒಂದು ದಿನ ಹಳೆಯ ಲೆಕ್ಕದಲ್ಲೇ ನುಂಗಿದರೆ ಉಸಿರು ನಿಂತುಹೋಗುತ್ತದೆ. ನಿದ್ದೆಯ ಗುಳಿಗೆಯೋ ಸಾರಾಯಿಯೋ ಜೊತೆಗೆ ಸೇರಿದರೆ ಇನ್ನೂ ಬೇಗ. ಗಂಟಲಲ್ಲಿ ನೀರು ಗುಳುಗುಳು ಅಂದಂತೆ ಸದ್ದು ಬಂದು, ನಿಂತು, ಮತ್ತೆ ಬಂದರೆ ಅದು ಗೊರಕೆಯಲ್ಲ. ಎದೆಯ ನಡುವಿನ ಎಲುಬನ್ನು ಬೆರಳ ಗೆಣ್ಣಿನಿಂದ ಜೋರಾಗಿ ತಿಕ್ಕಿದರೂ ಏಳದಿದ್ದರೆ, ತುಟಿ ಉಗುರು ನೀಲಿಯಾಗಿದ್ದರೆ, ಕಣ್ಣ ಪಾಪೆ ಸಾಸಿವೆಯಷ್ಟಾಗಿದ್ದರೆ 108ಕ್ಕೆ ಫೋನ್ ಮಾಡಬೇಕು. ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು. ಒಂದು ಉಸಿರು, ಐದರವರೆಗೆ ಎಣಿಕೆ, ಮತ್ತೊಂದು. ತಾನೇ ಉಸಿರಾಡಲು ಶುರುಮಾಡಿದರೆ ಮಗ್ಗುಲಾಗಿ ಮಲಗಿಸಬೇಕು. ಬಾಯಿಗೆ ನೀರು, ಮಜ್ಜಿಗೆ, ಲಿಂಬೆ ಏನೂ ಹಾಕಬಾರದು. ಬಂದವರಿಗೆ ಏನು ನುಂಗಿದ್ದಾನೆಂದು ಸುಳ್ಳಿಲ್ಲದೆ ಹೇಳಬೇಕು. ಇದಕ್ಕೊಂದು ಇಂಜೆಕ್ಷನ್ ಇದೆ. ನಿಜ ಹೇಳಿದರೆ ಮಾತ್ರ ಅದನ್ನು ಕೊಡುತ್ತಾರೆ.

ಇಷ್ಟು ಗೊತ್ತಿದ್ದವರು ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ. ಹೊರಗೆ ಜನ ಅವನ ಗೊರಕೆ ಕೇಳುತ್ತ ಕೂತಿದ್ದರು ಅಕ್ಕಾ.

ಸಂಗು


ಟಿಕೋಟಾ
26 ಮಾರ್ಚ್ 2025

ಸಂಗು,

ಹೌದು, ಗೊತ್ತಿತ್ತು. ಅವನ ಅಣ್ಣನ ಮಗಳು ನನ್ನ ತರಗತಿಯಲ್ಲೇ ಇದ್ದಾಳೆ. ಶಾಲೆಗೆ ಬಾರದಿದ್ದಾಗ ಕೇಳಿ ತಿಳಿದೆ. ನಿನ್ನ ಮಾತು ಕೇಳಿ ಮುಂಚೆಯೇ ಆ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಅಂಥವನ ಮನೆಗೆ ಶಾಲೆಯ ಟೀಚರ್ ಬಂದಿದ್ದಳೆಂದು ಜನ ಏನೆಂದಾರು ಎಂದು ಯೋಚಿಸಿದೆ. ಇದಕ್ಕಿಂತ ಹೆಚ್ಚು ಬರೆಯಲಾರೆ.

ನೀನು ಬರೆದದ್ದನ್ನು ಎರಡಲ್ಲ, ಎಷ್ಟೋ ಸಲ ಓದಿದೆ. ಓದಿದಂತೆಲ್ಲ ಒಂದೇ ಅನುಮಾನ. ಇದನ್ನೆಲ್ಲ ನನಗೆ ಯಾಕೆ ಕಲಿಸುತ್ತಿದ್ದೀ? ಹೊರಗೆ ಬಂದ ಮೇಲೆ ಮತ್ತೆ ನುಂಗುವ ಮನಸ್ಸಿದೆಯೇ? ಇದ್ದರೆ ಈಗಲೇ ಹೇಳು. ನಮ್ಮ ಮನೆಯಲ್ಲಂತೂ ಇನ್ನು ಒಂದು ಗುಳಿಗೆಯೂ ಇಲ್ಲ, ಅಪ್ಪ ಎಲ್ಲ ಸುಟ್ಟಿದ್ದಾನೆ.

ಕಾವ್ಯಾ


ವಿಜಯಪುರ
20 ಏಪ್ರಿಲ್ 2025

ಸಂಗು,

ಕೂತು ಓದು. ಅಪ್ಪ ಬದುಕಿದ್ದಾನೆ. ಅದನ್ನು ಮೊದಲೇ ಬರೆದುಬಿಡುತ್ತೇನೆ.

ಮಿನಾಜ ಮೇಡಮ್‌ಗೆ ಫೋನ್ ಮಾಡಿ ಹೇಳಿದ್ದೇನೆ, ಸಂಗೂಗೆ ನಾನೇ ಬರೆಯುತ್ತೇನೆ ಎಂದಿದ್ದೇನೆ. ಅಥಣಿ ರಸ್ತೆಯಲ್ಲಿರುವ ಚಿಕ್ಕಮ್ಮನ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅಪ್ಪನನ್ನು ಮೊನ್ನೆ ಆಸ್ಪತ್ರೆಯಿಂದ ಇಲ್ಲಿಗೆ ಕರೆತಂದೆವು.

ಹೋದ ಭಾನುವಾರ ಮಧ್ಯಾಹ್ನ. ಅಪ್ಪ ಉಂಡು ಪಡಸಾಲೆಯ ಮಂಚದ ಮೇಲೆ ಮಲಗಿದ್ದ. ನಾನು ಒಳಗೆ ಪರೀಕ್ಷೆಯ ಪೇಪರ್ ತಿದ್ದುತ್ತಿದ್ದೆ. ಅವ್ವ ಬಂದು, “ಎಷ್ಟ ದಿನಕ್ಕ ಚಲೋ ನಿದ್ದಿ ಹತ್ತೇತಿ, ಸಪ್ಪಳ ಮಾಡಬ್ಯಾಡ ಬೇ” ಅಂದಳು. ಗೊರಕೆ ನನಗೂ ಕೇಳಿಸುತ್ತಿತ್ತು. ಅವನ ನಿದ್ದೆ ಕೆಡದಿರಲಿ ಎಂದು ಎದ್ದು ಬಾಗಿಲು ಮುಂದೆ ಮಾಡಿದೆ. ಹೌದು ಸಂಗು, ನಿನ್ನ ಪತ್ರ ಅಷ್ಟು ಸಲ ಓದಿದ ನಾನೇ ಬಾಗಿಲು ಹಾಕಿದೆ.

ಆಮೇಲೆ ಸದ್ದು ನಿಂತಿತು. ಪೆನ್ನು ಹಿಡಿದ ಕೈ ತಾನಾಗಿ ನಿಂತಿತು. ನಲ್ಲಿಯಲ್ಲಿ ಗಾಳಿ ಸಿಕ್ಕಂತೆ ಗುಳುಗುಳು ಎಂದು ಮತ್ತೆ ಬಂತು. ಓಡಿದೆ. ಕರೆದೆ, ಅಲುಗಾಡಿಸಿದೆ, ಎದೆ ತಿಕ್ಕಿದೆ. ಇಲ್ಲ. ತುಟಿ ನೇರಳೆ ಹಣ್ಣು ತಿಂದವರ ತುಟಿಯಂತಿತ್ತು. ರೆಪ್ಪೆ ಎತ್ತಿ ನೋಡಿದೆ. ಸಾಸಿವೆ.

ತಲೆ ಒಪ್ಪಲಿಲ್ಲ. ಇವನು ನಮ್ಮಪ್ಪ, ಬೀಡಿ ಮುಟ್ಟದವನು, ಇವನಿಗೆ ಅದು ಆಗಲಾರದು, ಇನ್ನೇನೋ ಆಗಿದೆ ಎನ್ನುತ್ತಿತ್ತು. ನಾನು ಕಿರುಚಿದ್ದು ಕೇಳಿ ಮಾಶಾಬಿ ಚಾಚಿ ಗೋಡೆ ದಾಟಿಯೇ ಬಂದಳು. ಹಿಂದೆಯೇ ಅರ್ಧ ಓಣಿ. ಒಬ್ಬರ ಕೈಯಲ್ಲಿ ಉಳ್ಳಾಗಡ್ಡಿ, ಒಬ್ಬರ ಕೈಯಲ್ಲಿ ಮಜ್ಜಿಗೆ. “ಬಾಯಾಗ ಏನೂ ಹಾಕಬ್ಯಾಡ್ರಿ!” ಎಂದು ಒದರಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಚಾಚಿಗೆ 108ಕ್ಕೆ ಫೋನ್ ಹಚ್ಚಲು ಹೇಳಿ ಅಪ್ಪನ ಗದ್ದ ಎತ್ತಿದೆ.

ಅಪ್ಪನ ಬಾಯಿಗೆ ಬಾಯಿ ಇಡುವಾಗ ಅವ್ವ ನನ್ನ ಜಡೆ ಹಿಡಿದು ಎಳೆದಳು. “ಏನ್ ಮಾಡಾಕತ್ತೀಯೇ, ಹುಚ್ಚ ಹಿಡದೈತೇನ ನಿನಗ?” ಚಾಚಿ ಅವಳ ಕೈ ಬಿಡಿಸಿದಳು. ಒಂದು ಉಸಿರು. ಎಣಿಕೆ. ಇನ್ನೊಂದು. ಅವನ ಎದೆ ಏಳುವುದು ಕಾಣುತ್ತಿತ್ತು. ಅದು ನನ್ನ ಉಸಿರಿಗೆ ಮಾತ್ರ ಏಳುತ್ತಿತ್ತು. ನಾನು ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು. ಅದನ್ನು ನೋಡಿದ ಮೇಲೆ ಏನನ್ನೂ ಯೋಚಿಸಲಿಲ್ಲ.

ಅಂಬ್ಯುಲೆನ್ಸ್ ಬಂತು. ಏನಾಗಿದೆ ಎಂದು ಕೇಳಿದಾಗ ಅವ್ವ, “ಹಾರ್ಟ್ ಐತ್ರೀ” ಅಂದಳು. ಅಷ್ಟರಲ್ಲಿ ಚಾಚಿ ದಿಂಬಿನ ಕೆಳಗೆ ಕೈ ಹಾಕಿದ್ದಳು. ಒಂದು ಖಾಲಿ ಪಟ್ಟಿ, ಈಚೆಗೆ ಅಪ್ಪ ತೆಗೆದುಕೊಳ್ಳುತ್ತಿದ್ದ ನಿದ್ದೆಯ ಗುಳಿಗೆ. ಇನ್ನೊಂದು ಖಾಲಿ ಪಟ್ಟಿ, ಅದು ನೀನು ನುಂಗುತ್ತಿದ್ದ ಗುಳಿಗೆಯದು. ನೋಡಿದ ಕೂಡಲೇ ಗೊತ್ತಾಯಿತು. ಅವ್ವ ಅವಳ ಕೈ ಹಿಡಿದಳು. “ಮಾಶಾಬಿ, ಇಷ್ಟೂ ಮಂದಿ ನಿಂತಾರ, ನಮ್ಮ ಮಾನ…”

“ಮಾನ ಆಮ್ಯಾಲ ನೋಡೂಣು ರೇಣುಕವ್ವಾ,” ಎಂದು ಚಾಚಿ ಎರಡೂ ಪಟ್ಟಿಗಳನ್ನು ಅವರ ಕೈಯಲ್ಲಿಟ್ಟಳು. “ಈ ಗುಳಿಗೀ ನುಂಗ್ಯಾರ್ರಿ. ಲಗೂ ನಡ್ರಿ.”

ದಾರಿಯುದ್ದಕ್ಕೂ ಅಂಬ್ಯುಲೆನ್ಸಿನವರು ಉಸಿರು ಕೊಡುತ್ತ ಬಂದರು, ವಿಜಯಪುರದ ಆಸ್ಪತ್ರೆಯಲ್ಲಿ ಆ ಇಂಜೆಕ್ಷನ್ ಕೊಟ್ಟರು. ಸ್ವಲ್ಪದರಲ್ಲೇ ಅಪ್ಪ ದೊಡ್ಡದಾಗಿ ಉಸಿರೆಳೆದು ಕಣ್ಣು ಬಿಟ್ಟ. ಸಂತೋಷಪಡುವಷ್ಟರಲ್ಲಿ ಇನ್ನೊಂದು ಶುರುವಾಯಿತು. ಬೆವರು ಹರಿಯಿತು, ವಾಂತಿ ಮಾಡಿದ, ತೋಳಿನ ರೋಮವೆಲ್ಲ ಎದ್ದು ನಿಂತು ಮೈ ಗಡಗಡ ನಡುಗಿತು. ಮೂಗು, ಕಣ್ಣು ಸುರಿಯುತ್ತಿದ್ದವು. ಕೈಯ ಸೂಜಿ ಕಿತ್ತುಕೊಂಡು ಡಾಕ್ಟರಿಗೆ ಬಾಯಿಗೆ ಬಂದಂತೆ ಬೈದ. ನಮ್ಮಪ್ಪನ ಬಾಯಲ್ಲಿ ಅಂಥ ಮಾತು ನಾನು ಕೇಳಿರಲಿಲ್ಲ. ಸಂಜೆಯ ಹೊತ್ತಿಗೆ ಮತ್ತೆ ಜೋಂಪು ಹತ್ತಿ ಉಸಿರು ಇಳಿಯಿತು. ಇಂಜೆಕ್ಷನ್ನಿನ ಬಲ ಮುಗಿದರೂ ಗುಳಿಗೆಯದು ಮುಗಿದಿರುವುದಿಲ್ಲವಂತೆ. ಮತ್ತೆ ಕೊಟ್ಟರು. ಮೊದಲ ಸಲ ಎದ್ದಾಗಲೇ ಮನೆಗೆ ಕರೆತಂದಿದ್ದರೆ ಕಳೆದುಕೊಳ್ಳುತ್ತಿದ್ದೆವು.

“ಬೆನ್ನ ಬಾಳ ನೋಯಾಕತ್ತಿತ್ತು. ಒಂದ ಪಟ್ಟಿ ಸುಡೂದು ಉಳದಿತ್ತು. ಇದ ಮೊದಲನೇ ಸಲ” ಎಂದು ಅಪ್ಪ ಹೇಳಿದ. ಇಷ್ಟು ವರ್ಷ ಬಸ್ಸಿನ ಸ್ಟೀರಿಂಗ್ ಮುಂದೆ ಕೂತ ಬೆನ್ನು ಅದು, ನೋಯದೆ ಇರುತ್ತದೆಯೇ?

ಮರುದಿನ ಬಟ್ಟೆ ತರಲು ಟಿಕೋಟಾಕ್ಕೆ ಹೋದಾಗ ಚಾಚಿ ಬಾಗಿಲಲ್ಲೇ ನಿಂತಿದ್ದಳು. “ಆ ಉಸರ ಕೊಡೂದು ನನಗೂ ಕಲಸ” ಅಂದಳು. ಅವಳ ಸೊಸೆ ಸಮ್ರೀನ ನೆಲದ ಮೇಲೆ ಮಲಗಿದಳು, ನಾನು ತೋರಿಸಿದೆ. ಮೂವರಿಗೂ ನಗು ಬಂತು, ಆಮೇಲೆ ಮೂವರೂ ಅತ್ತೆವು.

ನಿನ್ನ ಮೇಲೆ ಅನುಮಾನಪಟ್ಟೆ, ಆ ಪತ್ರಕ್ಕೆ ನೀನು ಉತ್ತರ ಬರೆಯಲಿಲ್ಲ. ಅದನ್ನು ಮರೆತುಬಿಡು.

ಕಾವ್ಯಾ


ಧಾರವಾಡ
27 ಏಪ್ರಿಲ್ 2025

ಅಕ್ಕಾ,

ನಿನ್ನ ಪತ್ರ ಓದಿ ಎದ್ದು ಹೊರಗೆ ಹೋದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮತ್ತೆ ಒಳಗೆ ಬಂದೆ. ನೀನು ಅಪ್ಪನನ್ನು ಉಳಿಸಿದೆ.

ಆದರೆ ಒಂದು ಜಾಗದಲ್ಲಿ ನಿಂತುಬಿಟ್ಟೆ. ಬೆವರು, ವಾಂತಿ, ರೋಮ ಎದ್ದು ನಿಲ್ಲುವುದು, ಮೂಗು ಸುರಿಯುವುದು. ಅಕ್ಕಾ, ಅದು ನನ್ನ ಮೊದಲನೇ ವಾರ. ನಾನು ಬರೆಯಲಾರೆ ಎಂದಿದ್ದೆನಲ್ಲ, ಅದನ್ನೇ ನೀನು ಬರೆದು ಕಳಿಸಿದ್ದೀ. ಮೇಡಮ್‌ಗೆ ತೋರಿಸಿದೆ. ಮೊದಲ ಸಲ ನುಂಗಿದವನಿಗೆ ಆ ಇಂಜೆಕ್ಷನ್ ಹಾಗೆ ಮಾಡುವುದಿಲ್ಲ, ಗುಳಿಗೆಗೆ ಒಗ್ಗಿದ ಮೈಗೆ ಮಾತ್ರ ಹಾಗಾಗುತ್ತದೆ ಎಂದರು.

ನಿನ್ನ ಮೊದಲ ಪತ್ರ ತೆಗೆದು ಓದಿದೆ. ಊಟ ಬಿಟ್ಟದ್ದು, ನಿದ್ದೆ ಇಲ್ಲದ್ದು, ಚಳಿಯಲ್ಲಿ ಬೆವರಿದ್ದು. ಅದು ನನ್ನ ಮೇಲಿನ ಸಿಟ್ಟು ಅಲ್ಲದಿದ್ದರೆ?

ಬೈಯಬೇಡ, ಮಂದಿಯ ಮುಂದೆ ಬೇಡ. ಒಬ್ಬನೇ ಇದ್ದಾಗ ಕೇಳು.

ಸಂಗು


ಟಿಕೋಟಾ
5 ಮೇ 2025

ಸಂಗು,

ಕೇಳಿದೆ. ಕೇಳಬಾರದಿತ್ತು.

ಅಪ್ಪ ಅಂಗಳದಲ್ಲಿ ಕೂತು ಚಪ್ಪಲಿಗೆ ಮೊಳೆ ಹೊಡೆಯುತ್ತಿದ್ದ. ಕೈ ನಿಲ್ಲಿಸಿದ. ತಲೆ ಎತ್ತಲಿಲ್ಲ. “ಯಾರು, ನಿನ್ನ ತಮ್ಮ ಬರದಾನ?” ಅಂದ. ಹೌದು ಅಂದೆ. ಚಪ್ಪಲಿ ಅಲ್ಲೇ ಬಿಟ್ಟು ಬರಿಗಾಲಲ್ಲಿ ಹೊರಗೆ ಹೋದ. ಅಂದಿನಿಂದ ನನ್ನ ಜೊತೆ ಮಾತಿಲ್ಲ.

ಸಾವಿನ ಬಾಯಿಂದ ಎದ್ದು ಬಂದ ಮನುಷ್ಯನ ಮೇಲೆ ಇದೊಂದು ಹೊರೆ ಬೇಕಿತ್ತೇ? ಅವನನ್ನೂ ನಿನ್ನ ಮಗ್ಗುಲಲ್ಲಿ ಕೂರಿಸಿಕೊಂಡರೆ ನಿನಗೆ ಹಗುರವಾಗುತ್ತದೆಯೇ? ನಿನ್ನ ಡಾಕ್ಟರ್ ನಮ್ಮಪ್ಪನನ್ನು ನೋಡಿಯೂ ಇಲ್ಲ. ನನಗೆ ಅವನು ಗೊತ್ತು. ನಾನು ಅದೇ ಮನೆಯಲ್ಲಿದ್ದೇನೆ.

ಮುಂದಿನ ವಾರ ಹುಬ್ಬಳ್ಳಿಗೆ ಹೋಗಿ ಹಳೆಯ ಡ್ರೈವರ್ ಗೆಳೆಯ ಶಿವಾಜಿಯವರನ್ನು ನೋಡಿಬರುತ್ತೇನೆಂದು ಅವ್ವನಿಗೆ ಹೇಳಿದ್ದಾನೆ. ಹೋಗಿ ಬರಲಿ. ಮನಸ್ಸು ತಿಳಿಯಾದೀತು. ನೀನು ಇನ್ನು ಈ ವಿಷಯ ಬರೆಯಬೇಡ.

ಕಾವ್ಯಾ


ಧಾರವಾಡ
14 ಮೇ 2025

ಅಕ್ಕಾ,

ಇಲ್ಲಿನ ಆಫೀಸಿನಿಂದ ಫೋನ್ ಬಂದಿರುತ್ತದೆ. ಅಪ್ಪ ಹುಬ್ಬಳ್ಳಿಯಲ್ಲಲ್ಲ, ಇಲ್ಲಿದ್ದಾನೆ, ಸುರಕ್ಷಿತವಾಗಿದ್ದಾನೆ ಎಂದಷ್ಟೇ ಹೇಳಿರುತ್ತಾರೆ. ಉಳಿದದ್ದನ್ನು ನಾನು ಬರೆಯುತ್ತೇನೆ.

ನಿನ್ನೆ ಬೆಳಿಗ್ಗೆ ಭೇಟಿಯ ಕೋಣೆಗೆ ಕರೆದರು. ನೀನೋ ಅವ್ವನೋ ಬಂದಿರಬಹುದೆಂದು ಓಡಿದೆ. ಬೆಂಚಿನ ಮೇಲೆ ಅಪ್ಪ. ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆಗೆ ಟೋಪಿ, ತೊಡೆಯ ಮೇಲೆ ಕೈಚೀಲ. ಬೈಯಲು ಬಂದಿದ್ದಾನೆ ಎಂದುಕೊಂಡು ಬಾಗಿಲಲ್ಲೇ ನಿಂತೆ. “ಬಾ, ಕುಂಡ್ರು” ಅಂದ. ಕೂತೆ. ಮಳೆ, ದ್ರಾಕ್ಷಿಯ ರೇಟು, ಯಾವ ಬಸ್ಸಿಗೆ ಬಂದ, ಡ್ರೈವರ್ ಹೇಗೆ ಓಡಿಸಿದ. ಮಾತೇ ಮುಗಿಯಲಿಲ್ಲ. ಅವನ ಮೂಗು ಸುರಿಯುತ್ತಿತ್ತು. ಟವೆಲಿನಿಂದ ಒರೆಸುತ್ತಿದ್ದ, ಆಕಳಿಸುತ್ತಿದ್ದ, ಮತ್ತೆ ಒರೆಸುತ್ತಿದ್ದ. ನಾನು ನೋಡುತ್ತಿದ್ದೇನೆ ಎಂದು ಅವನಿಗೆ ಗೊತ್ತಾಯಿತು. ಟವೆಲ್ ಮಡಚಿ ತೊಡೆಯ ಮೇಲಿಟ್ಟ.

ಆಮೇಲೆ ಅಂದ, “ಲೇ ಸಂಗ್ಯಾ, ಇದನ್ನ ಬಿಡೂದು ಹೆಂಗಲೇ?”

ಅಕ್ಕಾ, ನಿನಗೆ ಅಷ್ಟೆಲ್ಲ ಬರೆದವನು ನಾನೇ. ಆದರೂ ಅವನ ಬಾಯಿಂದಲೇ ಬಂದಾಗ, ಸುಳ್ಳಾಗಿರಲಿ ಎಂದು ಒಳಗೆ ಎಷ್ಟು ಬೇಡಿಕೊಂಡಿದ್ದೆ ಎಂಬುದು ಗೊತ್ತಾಯಿತು.

ನೌಕರಿಯ ಕೊನೆಯ ವರ್ಷಗಳಲ್ಲಿ ಬೆನ್ನಿಗೆಂದು ಶುರುವಾಗಿದೆ. ಯಾವುದೋ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಕ್ಕಿದೆ. ಚಟ ಎಂದು ಅವನಿಗೆ ಅನ್ನಿಸಿಯೇ ಇಲ್ಲ, ಔಷಧ ತಾನೇ. ನನ್ನನ್ನು ಇಲ್ಲಿ ಬಿಟ್ಟು ಹೋದ ದಿನ ಅವನೂ ಬಿಟ್ಟನಂತೆ. “ಮಗಾ ಅಲ್ಲಿ ಒದ್ದಾಡಾಕತ್ತಾನ, ನಾ ಇಲ್ಲಿ ಮುಚಗೊಂಡ ನುಂಗಲೇನು ಅನಸ್ತು” ಅಂದ. ನೀನು ಸಿಟ್ಟು ಎಂದುಕೊಂಡದ್ದು ಅದು. ಶಿವರಾತ್ರಿ ಆದ ಮೇಲೆ ವಿಜಯಪುರಕ್ಕೆ ಹೋಗಿ ಬಂದು ನಗಾಡಿದನಲ್ಲ, ಅಂದು ಗುಳಿಗೆ ತಂದು ಮತ್ತೆ ಸ್ವಲ್ಪ ಸ್ವಲ್ಪ ನುಂಗಲು ಹಿಡಿದಿದ್ದ. ನಾಚಿಕೆಯಾಗಿ ಬಿಟ್ಟ, ಮತ್ತೆ ಹಿಡಿದ. ಆ ಭಾನುವಾರ ತಾಳಲಾರದೆ ಹಳೆಯ ಲೆಕ್ಕದಲ್ಲೇ ನುಂಗಿದ್ದಾನೆ, ನಿದ್ದೆಯ ಗುಳಿಗೆಯ ಜೊತೆ. ಗೌತಮನ ಹಾಗೆಯೇ. ನಾವು ಗೌತಮನ ಬಗ್ಗೆ ಬರೆದುಕೊಳ್ಳುತ್ತಿದ್ದಾಗ ಇನ್ನೊಬ್ಬ ಗೌತಮ ನಿನ್ನ ಪಡಸಾಲೆಯಲ್ಲೇ ಮಲಗಿದ್ದ.

ನಾನು ಇಲ್ಲಿ ಒದ್ದಾಡುವಾಗ ಮಗ್ಗುಲಲ್ಲಿ ಗೌತಮನಿದ್ದ, ಮೇಡಮ್ ಇದ್ದರು. ಅಪ್ಪ ಒಬ್ಬನೇ ಇದ್ದ, ನಿಮ್ಮಿಬ್ಬರ ನಡುವೆ ಕೂತು.

ಕೈ ಹಿಡಿದು ಮೇಡಮ್ ಹತ್ತಿರ ಕರೆದೊಯ್ದೆ. ಬಾಗಿಲ ಹತ್ತಿರ ನಿಂತು, “ಮನ್ಯಾಗ ಬೆನ್ನಿನ ಇಲಾಜ ಅಂತ ಹೇಳೂಣಲೇ. ಕಾವ್ಯಾನ ಮುಂದ ಬ್ಯಾಡ” ಅಂದ. ನಾನು ಬಾಗಿಲು ತಳ್ಳಿ ಅವನನ್ನು ಒಳಗೆ ಕರೆದೊಯ್ದೆ.

ನಿನ್ನೆಯಿಂದ ಮೊದಲ ವಾರ್ಡಿನಲ್ಲಿದ್ದಾನೆ. ನಡುಕ ಕಡಿಮೆ ಮಾಡಲು ಔಷಧ ಕೊಡುತ್ತಿದ್ದಾರೆ, ಒಮ್ಮೆಗೇ ನಿಲ್ಲಿಸುವುದಿಲ್ಲ. ಹೆದರಬೇಡ. ನನಗೆ ಜೊತೆಯಲ್ಲಿರಲು ಬಿಟ್ಟಿದ್ದಾರೆ. ಈಗಷ್ಟೇ ವಾಂತಿ ಬಳಿದು ಬಂದು ಅವನ ಮಂಚದ ಪಕ್ಕ ಕೂತು ಬರೆಯುತ್ತಿದ್ದೇನೆ.

ಈಗ ಕಣ್ಣು ಬಿಟ್ಟ. “ಯಾರಿಗೆ ಬರಿಯಾಕತ್ತಿ?” ಎಂದು ಕೇಳಿದ.

“ಅಕ್ಕಗ.”

“ಏನಂತ?”

“ಎಲ್ಲಾ.”

ಮುಖ ಗೋಡೆಯ ಕಡೆ ತಿರುಗಿಸಿಕೊಂಡ. ಹೊದಿಕೆಯೊಳಗೆ ಭುಜಗಳು ನಡುಗುತ್ತಿದ್ದವು, ಚಳಿಗೋ ಏನಕ್ಕೋ ಗೊತ್ತಾಗಲಿಲ್ಲ. ಪೆನ್ನು ಕೆಳಗಿಟ್ಟು ಕಾದೆ. ತುಂಬ ಹೊತ್ತಿನ ಮೇಲೆ, ತಿರುಗದೆಯೇ, “ಬರಿ” ಅಂದ.

ಸಂಗು